ವಲ್ಲಿಯ ಕೆಳಗಿನ ಕೈ

“ಹಂಗಲ್ಲ ಕಾಕಾ, ನೀವು ಸಿಟ್ಟಾಗಬಾರದು. ಸಿಟ್ಟಾದ್ರ ಮಾರ್ಕ್ಸ್ ಹೋದು ಅಂತ ತಿಳ್ಕೋರಿ.”

“ನಾ ಎಲ್ಲಿ ಸಿಟ್ಟಾದ್ನ್ಯೋ? ನನ್ನ ದನೀನ ಹಿಂಗ ಐತಿ.”

“ಮತ್ತ ಟೇಬಲ್ ಯಾಕ ಗುದ್ದಿದ್ರಿ?”

ಚಿಕ್ಕೋಡಿಯ ಸುಂದ್ರವ್ವನ ಖಾನಾವಳಿಯಲ್ಲಿ ಮೂಲೆಯ ಮೇಜು. ಅದರ ಮೇಲೆ ಎರಡು ತಟ್ಟೆ, ಒಂದು ನೀರಿನ ತಂಬಿಗೆ, ಒಂದು ಉಪ್ಪಿನ ಡಬ್ಬಿ. ತಂಬಿಗೆ ಅಂದರೆ ಮದ್ರಾಸಿನಿಂದ ಬಂದ ಇಂಜಿನಿಯರ್ ಹುಡುಗ. ಉಪ್ಪಿನ ಡಬ್ಬಿ ಅಂದರೆ ದಿಲ್ಲಿಯ ಹುಡುಗಿ, ಯಾರಿಗೂ ಮಾತು ಮುಗಿಸಲು ಬಿಡದವಳು. ನಿವೃತ್ತ ಫೌಜದಾರ ವಿರುಪಾಕ್ಷಪ್ಪನವರು ಮಾತ್ರ ವಿರುಪಾಕ್ಷಪ್ಪನವರೇ. ಬಿಜಿನೆಸ್ ಶಾಲೆಯ ಸಂದರ್ಶನದ ಗುಂಪು ಚರ್ಚೆಗೆ ತಾಲೀಮು ನಡೆದಿತ್ತು. ವಿಷಯ: ಪರದೇಶಿ ಕಂಪನಿಗಳು ನಮ್ಮ ದೇಶಕ್ಕೆ ಬರಬೇಕೋ ಬೇಡವೋ.

“ದಿಲ್ಲಿಯವಳು ಏನಂತಾಳಂದ್ರ...” ಎಂದು ಹುಡುಗ ಡಬ್ಬಿಯ ಕಡೆ ಕೈ ಮಾಡಿದ.

“ಏ ತಮ್ಮಾ, ಆ ದಿಲ್ಲಿಯವಳನ್ನ ಇತ್ತ ಕೊಡು,” ಸುಂದ್ರವ್ವ ಒಲೆಯ ಕಡೆಯಿಂದ ಕೂಗಿದಳು. “ಸಾರಿಗೆ ಉಪ್ಪು ಕಡಿಮಿ ಆಗೇತಿ.”

ಹುಡುಗ ನಕ್ಕ. ಫೌಜದಾರರೂ ನಕ್ಕರು. ನಕ್ಕ ಮೇಲೆ ತಮ್ಮ ನಗೆ ತಮಗೇ ಕೇಳಿಸಿ ಸ್ವಲ್ಪ ನಾಚಿಕೆಯಾಯಿತು. ಹೆಂಡತಿ ಗೌರಾಬಾಯಿ ತೀರಿಕೊಂಡ ಮೇಲೆ ಅವರು ಈ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಉಂಡು, ಕೈ ತೊಳೆದು ಹೋಗುವವರು. ನೌಕರಿಯಲ್ಲಿದ್ದಾಗ ಇಡೀ ತಾಲೂಕು ಎದ್ದು ನಿಲ್ಲುತ್ತಿದ್ದ ಮನುಷ್ಯನಿಗೆ ಈಗ ದಿನಕ್ಕೆ ಎರಡು ಮಾತು: “ಹಾಕು” ಒಂದು, “ಸಾಕು” ಇನ್ನೊಂದು.

ಈ ವಾರ ಹಾಗಿರಲಿಲ್ಲ. ಈ ವಾರ ಎದುರಿಗೆ ಇನ್ನೊಂದು ತಟ್ಟೆ ಇತ್ತು.

“ಇದನ್ನೆಲ್ಲಾ ನೀ ಮೊದಲ ಯಾರ ಕೂಡ ಮಾಡ್ತಿದ್ದಿ?” ಎಂದು ಕೇಳಿದರು.

“ಯಾರದಾರ್ರಿ ನನಗ? ಹೊಲದ ಮನ್ಯಾಗ ಕೊಡಪಾನ ಸಾಲಾಗಿ ಇಡ್ತಿದ್ನಿ. ಎಲ್ಲಾರ ಮಾತೂ ನಾನ ಆಡ್ತಿದ್ನಿ.” ಹುಡುಗ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದ. “ಒಮ್ಮೊಮ್ಮೆ ಕೊಡಪಾನನ ಗೆಲ್ತಿತ್ರಿ.”

ಫೌಜದಾರರು ಒಲೆಯ ಕಡೆ ತಿರುಗಿದರು. “ಹುಡುಗಗ ಪಲ್ಯ ಹಾಕವ್ವಾ,” ಎಂದರು.

ಸುಂದ್ರವ್ವ ಪಾತ್ರೆ ಹಿಡಿದು ಬಂದಳು. “ಜೈನರ ಹುಡುಗ ನೋಡ್ರಿ ಫೌಜದಾರ್ರ! ನನ್ನ ಉಳ್ಳಾಗಡ್ಡಿ ಪಲ್ಯ ಆಗಲೇ ಎರಡು ಸಲ ಹಾಕಿಸ್ಕೊಂಡಾನ. ಅಂಕಲ್ಯಾಗ ನಿಮ್ಮವ್ವ ಕಂಡ್ರ ಬಡಿಗಿ ತಗೋತಾಳೋ ಇಲ್ಲೋ?”

“ಓದಾಕ ಊರು ಬಿಟ್ಟ ಮ್ಯಾಲ ಎಲ್ಲಾ ರೂಢಿ ಆಗ್ತೈತ್ರಿ ಅವ್ವಾರ,” ಎಂದ ಹುಡುಗ, ತಟ್ಟೆಯಿಂದ ಕಣ್ಣೆತ್ತದೆ.

“ಹಸದವನ್ನ ಯಾಕ ಕಾಡ್ತಿ? ಹಾಕು.”

ಹುಡುಗ ತನ್ನ ಹೆಸರು ಶ್ರೀಪಾಲ ಮಗದುಮ್ಮ ಎಂದು ಹೇಳಿಕೊಂಡು ಮಂಗಳವಾರ ಫೌಜದಾರರ ಬಾಗಿಲಿಗೆ ಬಂದಿದ್ದ. ಮುಂಬಯಿಯ ದೊಡ್ಡ ಬಿಜಿನೆಸ್ ಶಾಲೆಗೆ ಡಿಸೆಂಬರಿನಲ್ಲಿ ಪ್ರವೇಶ ಪರೀಕ್ಷೆ ಆಗಿತ್ತು. ಸಾವಿರಾರು ಮಂದಿಯಲ್ಲಿ ಆರಿಸಿದ ಕೆಲವರಿಗೆ ಮಾತ್ರ ಸಂದರ್ಶನ. ಆ ಕೆಲವರಲ್ಲಿ ಅಂಕಲಿ ಊರಿನ ಶ್ರೀಪಾಲನ ಹೆಸರೂ ಇತ್ತು. ಇವನು ಸಂದರ್ಶನಕ್ಕೆ ಹೋಗಿ ನಿಂತಾಗ ಅಲ್ಲಿಯವರು, “ಶ್ರೀಪಾಲ ಮಗದುಮ್ಮ ನಿನ್ನೆಯೇ ಬಂದು ಹೋದನಲ್ಲ, ಅಕ್ಕನ ಮದುವೆ ಇದೆ ಅಂತ ಒಂದು ದಿನ ಮೊದಲೇ ಕೇಳಿಕೊಂಡು,” ಎಂದರಂತೆ.

ಅರ್ಜಿಯ ಮೇಲಿನ ಫೋಟೋ ತೆಗೆದು ನೋಡಿದರು. ದಪ್ಪ ಚಾಳೀಸು, ಎಣ್ಣೆ ಹಚ್ಚಿ ಬಾಚಿದ ತಲೆ. ಯಾವ ಹುಡುಗನ ಮೋರೆಗೆ ಬೇಕಾದರೂ ಹೊಂದುವಂಥ ಫೋಟೋ. ಆಮೇಲೆ ಸಹಿ ನೋಡಿದರು. ಡಿಸೆಂಬರಿನಲ್ಲಿ ಪರೀಕ್ಷೆಯ ಕೋಣೆಯಲ್ಲಿ ಮಾಡಿದ್ದ ಸಹಿ ಇವನ ಸಹಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂಡಿತು. ನಿನ್ನೆ ಬಂದವನದು ಕೂಡಲಿಲ್ಲ. ಅದಕ್ಕೇ ಇವನನ್ನು ಹೊರಗೆ ಹಾಕದೆ, ಸೋಮವಾರ ಸಮಿತಿಯ ಮುಂದೆ ನಿಲ್ಲು, ನಿನ್ನನ್ನು ಬಲ್ಲ ಒಬ್ಬ ದೊಡ್ಡ ಮನುಷ್ಯನನ್ನು ಕರೆದುಕೊಂಡು ಬಾ ಎಂದು ಕಳಿಸಿದ್ದರು.

ದೊಡ್ಡ ಮನುಷ್ಯ ಅಂದರೆ, ಎಂದೋ ಒಂದು ಕಳವಿನ ತಪಾಸಣೆಗೆ ಮಗದುಮ್ಮರ ಮನೆಗೆ ಹೋಗಿ ಬಂದಿದ್ದ ವಿರುಪಾಕ್ಷಪ್ಪನವರು. ಸೋಮವಾರ ಅವರು ಎದ್ದು ನಿಂತು “ಇವನೇ ಶ್ರೀಪಾಲ” ಎಂದರೆ ಸೀಟು ಉಳಿಯುತ್ತದೆ. ಅನ್ನದಿದ್ದರೆ ಕೊಡಪಾನಗಳ ಜೊತೆ ಆಡಿದ ಮಾತೆಲ್ಲ ನೀರು.

ಅಂಕಲಿಗೆ ಹೋಗಿ ಮನೆಯವರನ್ನು ಕೇಳೋಣ ಎಂದು ಮೊದಲ ದಿನವೇ ಫೌಜದಾರರು ಹೊರಟಿದ್ದರು. ಹುಡುಗ ಅವರ ಕಾಲು ಹಿಡಿದಿದ್ದ. “ನಮ್ಮವ್ವಗ ಎದಿ ಬ್ಯಾನಿ ಐತ್ರಿ. ಇಂಥಾದ್ದು ಕೇಳಿದ್ರ ಒಡಕೊಂತಾಳ.” ಇವರು ಮನೆಯೊಳಗೆ ಇನ್ನೊಂದು ಹಾಸಿಗೆ ಹಾಸಿಕೊಟ್ಟರು.

“ಕಾಕಾ,” ಹುಡುಗ ಈಗ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದ. “ಒಂದು ಮಾತು ಮರತಿದ್ನಿ. ಮುಂಬೈದಾಗ ಗೇಟಿನ ಸಿಪಾಯಿ ನಕ್ಕೊಂತ ಹೇಳಿದ್ನರಿ. ನಿನ್ನೆ ಬಂದವಗ ಒಳಗ ಕೇಳಿದ್ರಂತ, ನಿಮ್ಮ ಕಡೆ ವ್ಯಾಪಾರ ಹ್ಯಾಂಗ ಮಾಡ್ತಾರು ಅಂತ. ಅವ ಏನೂ ಹೇಳಲಿಲ್ಲಂತ. ಕರ್ಚೀಫ್ ತಗದು ಸಾಹೇಬ್ರ ಕೈ ಮ್ಯಾಲ ಹಾಕಿ, ಒಳಗ ಕೈ ಹಾಕಿ ಅವರ ಬೆರಳು ಒತ್ತಿದ್ನಂತ. ಸಾಹೇಬ್ರೆಲ್ಲಾ ಬಿದ್ದು ಬಿದ್ದು ನಕ್ಕು, ಇನ್ನೊಮ್ಮೆ ತೋರಸು, ಇನ್ನೊಮ್ಮೆ ತೋರಸು ಅಂದ್ರಂತ.”

ಫೌಜದಾರರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಇದನ್ನ ಮಂಗಳವಾರ ಯಾಕ ಹೇಳಲಿಲ್ಲೋ?”

“ನಗಚಾಟಿ ಮಾತು ಅನಿಸ್ತ್ರಿ.”

ಅವರು ಎಡಗೈಯಿಂದ ಹೆಗಲ ಮೇಲಿನ ವಲ್ಲಿ ತೆಗೆದು ಮೇಜಿನ ಮೇಲೆ ಹರವಿದರು. ಅದರ ಕೆಳಗೆ ಹುಡುಗನ ಕೈ ಎಳೆದುಕೊಂಡು ಎರಡು ಬೆರಳು ಹಿಡಿದು ಒತ್ತಿದರು, ಬಿಟ್ಟರು, ಐದೂ ಹಿಡಿದರು. ಹುಡುಗನ ಕೈ ತೊಯ್ದ ಅರಳೆಯ ಹಾಗೆ ಸುಮ್ಮನೆ ಬಿದ್ದಿತ್ತು.

“ಏನಿದು ಕಾಕಾ?”

“ನಿಂಗ ಗೊತ್ತಿಲ್ಲ?”

“ನಮ್ಮದು ಕಬ್ಬಿನ ಮನಿ. ಫ್ಯಾಕ್ಟರಿಯವರು ಕಾಟಾದ ಮ್ಯಾಲ ತೂಗಿ ಹೇಳಿದ ದರಾ ತಗೊಂಡು ಬರೂದು. ಇದೇನು ಕೈ ಹಿಡಿಯೂ ಆಟ?”

“ಆಟ ಅಲ್ಲಪಾ. ನಿಪ್ಪಾಣಿ ತಂಬಾಕಿನ ಪ್ಯಾಟಿ ಮಾತು. ಅರಬಿ ಕೆಳಗ ಬೆರಳಿಲೆ ದರಾ ಹೇಳ್ತಾರ.” ಫೌಜದಾರರು ಎದ್ದು ನಿಂತಿದ್ದರು. “ನಾ ಈಗ ಹೊಕ್ಕೀನಿ. ನೀ ಇಬ್ಬರ ಚೀಲಾನೂ ಕಟ್ಕೊಂಡು ಸಂಜಿಕ ನಿಪ್ಪಾಣಿ ದಲಾಲ ಅಣ್ಣಾಸಾಬನ ದುಕಾನಕ್ಕ ಬಾ. ಅಲ್ಲಿಂದ ಇಬ್ಬರೂ ಕೂಡಿ ಮುಂಬೈ ಬಸ್ ಹಿಡಿಯೂಣು.”

“ಕಳ್ಳ ಸಿಗ್ತಾನ್ರ್ಯಾ?”

“ಕೈ ತೋರಿಸ್ಯಾನಲ್ಲ. ಇನ್ನೆಲ್ಲಿ ಹೊಕ್ಕಾನ?”

ಅವರು ಬಾಗಿಲು ದಾಟುವಾಗ ಹಿಂದಿನಿಂದ ಸುಂದ್ರವ್ವ, “ಫೌಜದಾರ್ರ, ಇವತ್ತ ಕೈ ತೊಳಿಯೂದ ಮರತ್ರಿ!” ಎಂದು ಕೂಗಿದಳು.

*

ಸುಗ್ಗಿಯ ದಿನಗಳಲ್ಲಿ ನಿಪ್ಪಾಣಿ ಬರುತ್ತಿದೆ ಎನ್ನುವುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಬಸ್ಸಿಳಿದ ಕೂಡಲೇ ವಿರುಪಾಕ್ಷಪ್ಪನವರು ಸೀನಿದರು. ಇದೇ ಊರಿನಲ್ಲಿ ಅವರು ಫೌಜದಾರರಾಗಿದ್ದವರು. ಬಂದವರಿಗೆಲ್ಲ ಮೊದಲು ಸೀನು, ಆಮೇಲೆ ಕೆಮ್ಮು, ಒಂದು ವರ್ಷ ಕಳೆದ ಮೇಲೇ ರೂಢಿ. ಬಿಟ್ಟು ಹೋದರೆ ಮತ್ತೆ ಮೊದಲಿನಿಂದ ಸೀನಬೇಕು. ಇಲ್ಲೇ ಹುಟ್ಟಿದವರು ಮಾತ್ರ ಸೀನುವುದಿಲ್ಲ.

ದಲಾಲ ಅಣ್ಣಾಸಾಬನ ದುಕಾನದ ಮುಂದೆ ತಂಬಾಕು ಕಟ್ಟಿದ ಬೋದಗಳು ಆಳೆತ್ತರ ಬಿದ್ದಿದ್ದವು. ಒಬ್ಬ ರೈತ, ಒಬ್ಬ ವ್ಯಾಪಾರಿ ಎದುರು ಬದುರು ಕೂತು ಒಂದು ಧೋತರದ ಕೆಳಗೆ ಕೈ ಸೇರಿಸಿದ್ದರು. ಇಬ್ಬರೂ ಆಕಾಶ ನೋಡುತ್ತಿದ್ದರು. ಕೈಗಳು ಒಳಗೆ ಜಗಳಾಡುತ್ತಿದ್ದವು.

“ಬರ್ರಿ ಬರ್ರಿ ಫೌಜದಾರ್ರ! ಪಿಂಚಣಿ ಸಾಲದಂಗಾಗಿ ತಂಬಾಕ ವ್ಯಾಪಾರ ಸುರು ಮಾಡಿದ್ರೇನು?”

“ನಿನ್ನಂಥಾವರು ಇರೂತನಕ ನನಗ್ಯಾರು ಕೊಡ್ತಾರೋ ವ್ಯಾಪಾರ? ಒಂದು ಮಾತು ಕೇಳಾಕ ಬಂದೀನಿ. ಈ ಕೈ ವಿದ್ಯಾ ಈಗ ಯಾರ್ಯಾರಿಗೆ ಬರ್ತೈತಿ?”

“ದಲಾಲರಿಗೆ ಬರ್ತೈತಿ, ದಲಾಲರ ಮಕ್ಕಳಿಗೆ ಬರ್ತೈತಿ. ಹೊರಗಿನವರಿಗೆ ಕಲಸಾಕ ನಮಗೇನು ಹುಚ್ಚೇನು?”

“ದಲಾಲರ ಮಕ್ಕಳಾಗ ಇಂಗ್ಲೀಷ್ ಕಲತಾವ, ಮುಂಬೈಕ ಪರೀಕ್ಷಾ ಗಿರೀಕ್ಷಾ ಅಂತ ಹೋದಾವ ಯಾರರೆ?”

ಅಣ್ಣಾಸಾಬ ತೊಡೆ ತಟ್ಟಿ ನಕ್ಕ. “ನಮ್ಮ ಹುಡುಗ್ರು ಇಂಗ್ಲೀಷ್ ಅಂದ್ರ ಟಾಕೀಜಿನ ಬೋರ್ಡ್ ಓದ್ತಾವು, ಅದೂ ಹೀರೋಯಿನ್ ಇದ್ರ. ಅಂಥಾ ಓದಿನ ಹುಡುಗ್ರು ಬೇಕಾದ್ರ ಹಿಂದಿನ ಗೋದಾಮಿನ ಮ್ಯಾಲ ಹೋಗ್ರಿ. ಪುಣೇದ ಸರ್ ಒಬ್ಬ ಕ್ಲಾಸ್ ಇಟ್ಟಾನ. ಅಥಣಿ, ರಾಯಬಾಗ, ಕಾಗವಾಡ, ಎಲ್ಲಾ ಕಡೀದು ಹುಡುಗ್ರು ಬರ್ತಾವು. ಟೈ ಕಟ್ಕೊಂಡು ಕುರ್ಚಿ ಮ್ಯಾಲ ಕೂಡೂದ ಕಲಸ್ತಾನ!”

“ಅವನ ಹೆಸರು?”

“ಭಾವುಸಾಹೇಬ ಅಂತಾರ. ಆದ್ರ ಅವನ ಮ್ಯಾಲ ಸಂಶೇ ಬ್ಯಾಡ್ರಿ. ಆ ಮನಶ್ಯಾಗ ನಮ್ಮ ಪ್ಯಾಟಿ ಗಾಳಿನ ಆಗಿ ಬರಂಗಿಲ್ಲ. ಮೂಗಿಗೆ ಕರ್ಚೀಫ್ ಹಿಡ್ಕೊಂಡ ಅಡ್ಡಾಡ್ತಾನ. ಬಂದು ವರ್ಷಾತು, ನಮ್ಮ ದುಕಾನದ ಕಟ್ಟಿ ಒಮ್ಮೆ ಹತ್ತಿಲ್ಲ.”

ವಿರುಪಾಕ್ಷಪ್ಪನವರು ಮತ್ತೊಮ್ಮೆ ಸೀನಿ ಎದ್ದರು. “ನಮ್ಮ ಹುಡುಗ ಎರಡು ಚೀಲಾ ಹಿಡ್ಕೊಂಡು ಬರ್ತಾನ. ಬಂದ್ರ ಮ್ಯಾಲ ಕಳಸು.”

“ನಿಮ್ಮ ಹುಡುಗ?” ಅಣ್ಣಾಸಾಬ ಹುಬ್ಬೇರಿಸಿದ. “ನಿಮಗ ಹುಡುಗ ಯಾವಾಗ ಆದ್ರಿ ಸಾಹೇಬ್ರ?”

ಫೌಜದಾರರು ಗೋದಾಮಿನ ಕಡೆ ನಡೆದರು. “ನಮ್ಮ ಹುಡುಗ” ಎಂದದ್ದು ತಪ್ಪು ಅಂತೇನೂ ಅನಿಸಲಿಲ್ಲ.

*

ಮರದ ಮೆಟ್ಟಿಲು ಕಡಿದಾಗಿತ್ತು. ಅರ್ಧದಲ್ಲಿ ಸೀನು ಬರುತ್ತದೆ ಎನಿಸಿ ಮೂಗು ಹಿಡಿದು ನಿಂತರು. ಬಾಗಿಲು ಅರೆ ತೆರೆದಿತ್ತು.

ಒಳಗೆ ಗಡ್ಡ ಬಿಟ್ಟ, ಚಾಳೀಸು ಹಾಕಿದ ಒಬ್ಬಾತ ಕಿಟಕಿಯ ಹತ್ತಿರ ಕೂತು ಓದುತ್ತಿದ್ದ. ಕಿಟಕಿ ಪೂರಾ ತೆರೆದಿತ್ತು. ಕೆಳಗಿನ ಅಂಗಳದಲ್ಲಿ ಹೆಂಗಸರು ತಂಬಾಕು ಕೇರುತ್ತಿದ್ದರು. ಧೂಳು ಹೊಗೆಯ ಹಾಗೆ ಎದ್ದು ಆ ಕಿಟಕಿಯಲ್ಲೇ ಒಳಗೆ ಬರುತ್ತಿತ್ತು. ಆತ ಎದೆತುಂಬ ಉಸಿರೆಳೆದು ಪುಟ ತಿರುವಿದ.

ಫೌಜದಾರರು ತಡೆಯಲಾರದೆ ಸೀನಿದರು.

ಆತ ಗಾಬರಿಯಾಗಿ ತಿರುಗಿ ನೋಡಿದ. ಮೊದಲು ಕೆಮ್ಮಿದ. ಆಮೇಲೆ ಕರ್ಚೀಫು ಹುಡುಕಿದ.

“ಬನ್ನಿ, ಬನ್ನಿ. ಇಲ್ಲಿಯ ಹವಾ ಬಹಳ ಕೆಟ್ಟದ್ದು, ಅಲ್ಲವೇ? ಕುಳಿತುಕೊಳ್ಳಿ. ನನ್ನ ಕನ್ನಡ ಸ್ವಲ್ಪ ಕಚ್ಚಾ ಇದೆ, ಕ್ಷಮಿಸಬೇಕು. ಪುಣೆಯವ ನಾನು.”

“ನನ್ನ ಮರಾಠಿನೂ ಕಚ್ಚಾನ ಐತ್ರಿ. ನಡೀತೈತಿ.” ಫೌಜದಾರರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಗೋಡೆಗೆ ಕರಿಹಲಗೆ. ಅದರ ಮೇಲೆ ಇಂಗ್ಲೀಷಿನಲ್ಲಿ ಬರೆದದ್ದನ್ನು ಕೂಡಿಸಿ ಓದಿದರು: ನಿಮ್ಮ ಬಗ್ಗೆ ಹೇಳಿ. “ನಮ್ಮ ಹುಡುಗ ಒಬ್ಬಾವ ಅದಾನ್ರಿ. ಇಂಟರ್‌ವ್ಯೂಕ್ಕ ತಯಾರ ಮಾಡಬೇಕು.”

“ಅವಶ್ಯ. ಬರವಣಿಗೆಯ ಪರೀಕ್ಷೆಯನ್ನು ಯಾರಾದರೂ ಪಾಸಾಗುತ್ತಾರೆ. ಬಾಗಿಲು ತೆಗೆದು ಒಳಗೆ ಹೋಗಿ ಕುಳಿತುಕೊಳ್ಳುವುದರಲ್ಲಿ ನಮ್ಮ ಹಳ್ಳಿಯ ಹುಡುಗರು ಸೋಲುತ್ತಾರೆ.”

“ಫೀ ಏನರಿ?”

ಆತ ಬಾಯಿ ತೆರೆಯುವಷ್ಟರಲ್ಲಿ ವಿರುಪಾಕ್ಷಪ್ಪನವರು ಕೈ ಅಡ್ಡ ಹಿಡಿದರು. “ಬಾಯಿಲೆ ಬ್ಯಾಡ್ರಿ. ಗ್ವಾಡಿಗೂ ಕಿವಿ ಅದಾವು.” ಹೆಗಲಿನ ವಲ್ಲಿ ತೆಗೆದು ಇಬ್ಬರ ನಡುವೆ ಹರವಿ, ಆತನ ಬಲಗೈಯನ್ನು ಅದರ ಕೆಳಗೆ ಎಳೆದುಕೊಂಡರು.

“ಇದೇನು? ನನಗೆ ಇದೆಲ್ಲ...”

ಫೌಜದಾರರು ಅವನ ಕಿರುಬೆರಳ ತುದಿ ಮಾತ್ರ ಹಿಡಿದು ಒತ್ತಿದರು. ಅದಕ್ಕಿಂತ ಕಡಿಮೆ ಬೆಲೆ ಪೇಟೆಯಲ್ಲಿ ಇಲ್ಲ. ಮಳೆಗೆ ಸಿಕ್ಕು ಕೊಳೆತ ತಂಬಾಕಿಗೂ ಯಾರೂ ಹಾಗೆ ಕೇಳುವುದಿಲ್ಲ. ಕೇಳಿದರೆ ಹೊಡೆದಾಟವಾಗುತ್ತದೆ, ಹಾಗೆ ಆದ ಹೊಡೆದಾಟಗಳನ್ನು ಅವರೇ ಬಿಡಿಸಿದ್ದರು.

ಆತನ ಮುಖ ಮುಗುಳ್ನಗುತ್ತಲೇ ಇತ್ತು. ಕೈ ನಗಲಿಲ್ಲ. ವಲ್ಲಿಯ ಕೆಳಗೆ ಅದು ಹಾವಿನ ಹಾಗೆ ತಿರುಗಿ, ಫೌಜದಾರರ ಬೆರಳನ್ನು ಕೊಡವಿ ಹಾಕಿ, ಅವರ ನಾಲ್ಕು ಬೆರಳನ್ನೂ ಒಟ್ಟಿಗೆ ಹಿಡಿದು ಅಂಗೈಗೆ ಹೆಬ್ಬೆರಳು ಒತ್ತಿತು.

ಪಕ್ಕಾ ದಲಾಲನ ಉತ್ತರ.

ಇಬ್ಬರೂ ಅಲುಗಲಿಲ್ಲ. ಕೆಳಗಿನ ಅಂಗಳದಲ್ಲಿ ಹೆಂಗಸರ ಮೊರದ ಸದ್ದು ಕೇಳುತ್ತಿತ್ತು. ಆತ ತನ್ನ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿದ.

“ಪುಣೇದಾಗ ಎಲ್ಲಿ ಕಲಿಸ್ತಾರಿದನ್ನ?” ಫೌಜದಾರರು ಮೆಲ್ಲಗೆ ಕೇಳಿದರು.

“ಬಿಡ್ರಿ ಕೈ.”

ಕಚ್ಚಾ ಕನ್ನಡ ಎಲ್ಲಿಯೋ ಹೋಗಿತ್ತು.

“ಯಾರ ಮಗಾ ನೀ?”

“ಅಪ್ಪನ ಮಡಿಲಾಗ ಕುಂತು ಕಲತದ್ರಿ ಇದು. ಮಲಗೂ ಮುಂದ ದುಪಟಿ ಕೆಳಗ ನನ್ನ ಕೈ ಹಿಡದು ದರಾ ಹೇಳ್ತಿದ್ದ. ನಾ ತಪ್ಪಿದ್ರ ನಗ್ತಿದ್ದ.” ಭಾವುಸಾಹೇಬ ಚಾಳೀಸು ತೆಗೆದು ಕಣ್ಣೊತ್ತಿಕೊಂಡ. “ಒಮ್ಮೆ ಕೈಲೆ ದರಾ ಒಪ್ಪಿ ಮಾತು ತಿರುವಿದ ಅಂತ ಪ್ಯಾಟಿಯವರು ಅಪ್ಪನ್ನ ದುಕಾನದ ಕಟ್ಟಿ ಮ್ಯಾಲಿಂದ ಇಳಿಸಿದ್ರು. ಊರ ಬಿಟ್ಟಿವಿ. ನಂಗ ಆಗ ಮೀಸಿ ಬಂದಿದ್ದಿಲ್ಲ. ಅಂಥಾ ಮನಶ್ಯಾನ ಮಗನ ಕಡೆ ಯಾರು ಕಳಸ್ತಾರ್ರಿ ತಮ್ಮ ಮಕ್ಕಳನ್ನ? ಪುಣೇದವ ಅಂದ್ರ ಕಳಸ್ತಾರ.”

“ಊರಾಗ ನಿಮ್ಮವರು ಯಾರೂ ಇಲ್ಲೇನು?”

ಆತ ಕಿಟಕಿಯ ಕಡೆ ಗದ್ದ ಎತ್ತಿದ. “ಆ ಹಂಚಿನ ಮನಿ ಕಾಣ್ತೈತಲ್ಲ, ನಮ್ಮಕ್ಕ ಕೆಂಪವ್ವಂದು. ಆಕಿನ್ನ ಇಲ್ಲೇ ಕೊಟ್ಟಿದ್ರು. ಇಲ್ಲೇ ಕೆಳಗ ಕೇರಾಕ ಬರ್ತಾಳ. ದಿನಾ ತಲಿ ಕಾಣ್ತೈತಿ. ಮಾತಾಡಿಸಿಲ್ಲ.” ಕಿಟಕಿಯಿಂದ ಈಚೆ ತಿರುಗಿ ಅಂದ: “ಈ ಪರೀಕ್ಷಾ ನಾನೂ ಬರದಾವನರಿ. ಇಂಟರ್‌ವ್ಯೂತನಕ ಹೋಗಿದ್ನಿ. ನಿಮ್ಮಪ್ಪ ಏನ್ಮಾಡ್ತಾನ ಅಂದ್ರು. ಸುಳ್ಳು ಹೇಳಿದ್ನಿ. ಒಂದು ಸುಳ್ಳಿಗೆ ಇನ್ನೊಂದು ಕೇಳಿದ್ರು. ಅಷ್ಟರಾಗ ಮುಗೀತು. ಅದಕ್ಕ ನಾ ಹುಡುಗ್ರಿಗೆ ಹೇಳೂದು ಒಂದ ಮಾತು. ಪಾಠಾ ಒಪ್ಪಿಸಬ್ಯಾಡ್ರಿ, ನಿಮ್ಮ ಊರಿಂದು ಏನರೆ ತೋರಸ್ರಿ, ಮಂದಿ ಮರಿಯಂಗಿಲ್ಲ ಅಂತ.”

“ಕೈ ವಿದ್ಯಾ ಯಾರಿಗೆ ಕಲಿಸಿದಿ?”

“ಒಬ್ಬಗ. ಒಬ್ಬಗ ಅಷ್ಟ.”

“ಹೆಸರು ಹೇಳು. ಆ ಹುಡುಗ ಇನ್ನೊಬ್ಬನ ಹೆಸರಲೆ ಮುಂಬೈದಾಗ ಕುಂತು ಬಂದಾನ. ನೀ ಹೇಳಲಿಲ್ಲಂದ್ರ ನಿನ್ನನ್ನೂ ಅವನ ಕೂಡ ಬಿಗೀತಾರ.”

ಭಾವುಸಾಹೇಬ ಹುಬ್ಬು ಗಂಟಿಕ್ಕಿದ. “ಇನ್ನೊಬ್ಬನ ಹೆಸರಲೆ? ನಾ ಕಲಿಸಿದ್ದು ಅಂಕಲಿ ಶ್ರೀಪಾಲಗ. ಶ್ರೀಪಾಲ ಮಗದುಮ್ಮಗ.”

“ಸುಳ್ಳು!” ಈ ಸಲ ಫೌಜದಾರರು ನಿಜವಾಗಿಯೇ ಸಿಟ್ಟಾದರು. “ಶ್ರೀಪಾಲ ನನ್ನ ಮನ್ಯಾಗ ಅದಾನ. ಮಂಗಳವಾರದಿಂದ ನನ್ನ ಕೂಡ ಉಣ್ಣಾಕತ್ತಾನ. ಅವನ ಕೈ ನಾನ ಹಿಡದು ನೋಡೀನಿ. ಅವಗ ಇದರ ಗಂಧಾ ಗಾಳಿ ಇಲ್ಲ.”

ಅಷ್ಟರಲ್ಲಿ ಒಳಗಿನ ಖೋಲಿಯಿಂದ ಒಂದು ದನಿ ಬಂತು.

“ಸರ್, ಹೊತ್ತು ಇಳದೈತ್ರಿ. ಮುಳುಗೂದ್ರಾಗ ನಾ ಊಟಾ ಮಾಡಿಬಿಡ್ಲೇನ್ರಿ?”

ಉಳ್ಳಾಗಡ್ಡಿ ಪಲ್ಯದ ತಟ್ಟೆ ವಿರುಪಾಕ್ಷಪ್ಪನವರ ಕಣ್ಣ ಮುಂದೆ ಬಂದು ನಿಂತಿತು. ದೀಪ ಹಚ್ಚಿದ ಮೇಲೆ ದಿನವೂ ತಾವಿಬ್ಬರು ಕೂತು ಉಂಡದ್ದು ನೆನಪಾಯಿತು. ಉಳ್ಳಾಗಡ್ಡಿ ಮುಟ್ಟದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆ ಅಂಕಲಿಯ ಮಗದುಮ್ಮರದು ಎನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎದುರಿಗೆ ತಟ್ಟೆ ಇದ್ದ ಸುಖದಲ್ಲಿ ಫೌಜದಾರ ಕಣ್ಣು ಮುಚ್ಚಿ ಕೂತಿದ್ದ, ಅಷ್ಟೇ.

“ಹೊರಗ ಬಾ ಶ್ರೀಪಾಲ,” ಎಂದ ಭಾವುಸಾಹೇಬ.

ಬಂದವನಿಗೆ ದಪ್ಪ ಚಾಳೀಸು ಇತ್ತು. ಎಣ್ಣೆ ಹಚ್ಚಿದ ತಲೆ ಇತ್ತು. ಕೈಯಲ್ಲಿ ಬುತ್ತಿಯ ಗಂಟು. ವಿರುಪಾಕ್ಷಪ್ಪನವರಿಗೆ ಅವನನ್ನು ನೋಡಿದ ನೆನಪಿರಲಿಲ್ಲ. ಆದರೆ ಆ ಮೂಗನ್ನು ನೋಡಿದ್ದರು.

ಹುಡುಗ ಅವರನ್ನು ಕಂಡ ಕೂಡಲೇ ಗುರುತು ಹಿಡಿದ. “ಫೌಜದಾರ ಕಾಕಾ! ನಾನ್ರಿ, ಬಾಪುಸಾಹೇಬನ ಮಗಾ. ನೀವು ನಮ್ಮ ಹೊಳೀ ಮ್ಯಾಲಿನ ಪಂಪ್ ಕಳುವಾದಾಗ ಬಂದಿದ್ರಿ. ನಾ ಸಣ್ಣಾವಿದ್ನಿ. ನಮ್ಮವ್ವ ಲಕ್ಷ್ಮಿಬಾಯಿ ಮಜ್ಜಿಗಿ ಕೊಟ್ಟಿದ್ಲು. ನೀವು ಉಪ್ಪು ಹೆಚ್ಚಾತು ಅಂದ್ರಿ. ಆಕಿ ಇನ್ನೂತನಕ ಅದನ್ನ ಹೇಳ್ತಾಳ್ರಿ.”

ಮಜ್ಜಿಗೆ ಬರೀ ಉಪ್ಪುಪ್ಪಾಗಿತ್ತು. ಅದು ಆ ಮನೆಯವರಿಗೂ ತಮಗೂ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಆ ಮೊಂಡು ಮೂಗು ಲಕ್ಷ್ಮಿಬಾಯಿಯದೇ.

“ನಿಮ್ಮವ್ವನ ಎದಿ ಬ್ಯಾನಿ ಹ್ಯಾಂಗೈತಿ?”

“ಎದಿ ಬ್ಯಾನಿ? ಆಕಿಗೆಲ್ಲಿ ಬ್ಯಾನಿರಿ? ಇನ್ನೂ ಎತ್ತು ಹೊಡೀತಾಳ.”

ಫೌಜದಾರರು ಕಿಟಕಿಯ ಹತ್ತಿರ ಹೋಗಿ ನಿಂತರು. ಅಂಗಳದ ಹೆಂಗಸರು ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು. ನೌಕರಿಯಲ್ಲಿ ಎಷ್ಟೋ ಮಂದಿ ಅವರಿಗೆ ಸುಳ್ಳು ಹೇಳಿದ್ದರು. ಅವರ ಜೊತೆ ಕೂತು ಯಾರೂ ತಂಬಿಗೆಯನ್ನು ಮದ್ರಾಸಿನ ಹುಡುಗ ಮಾಡಿರಲಿಲ್ಲ.

“ಸೋಮವಾರ ನಿನಗೂ ಬಾ ಅಂದಾರೇನು?”

“ಹೌದ್ರಿ, ತಂತಿ ಬಂದಿತ್ತು. ಇನ್ನೊಬ್ಬಾವ ಬಂದು ನಾನ ಶ್ರೀಪಾಲ ಅಂದಾನಂತ. ನಿನ್ನನ್ನ ಬಲ್ಲವರನ್ನ ಕರ್ಕೊಂಡು ಬಾ ಅಂದಾರ. ಸರ್ ಬರಾಕ ಒಪ್ಪವಲ್ರು.”

“ನಾ ಬರ್ತೀನಿ.” ವಲ್ಲಿ ಹೆಗಲಿಗೇರಿತು. ದನಿಯಲ್ಲಿ ಹಳೆಯ ಫೌಜದಾರ ಎದ್ದು ಕೂತಿದ್ದ. “ಆ ಕಳ್ಳ ಈಗ ಅಣ್ಣಾಸಾಬನ ದುಕಾನಕ್ಕ ನನ್ನ ಚೀಲಾನೂ ಹೊತಗೊಂಡು ಬರಾಕತ್ತಾನ. ಮೊದಲು ಅವನ್ನ ಠಾಣೆಕ್ಕ ಒಪ್ಪಿಸಿ, ಆಮ್ಯಾಲ ಬಸ್ ಹತ್ತೂಣು. ನಡಿ.”

ಶ್ರೀಪಾಲ ಬಾಗಿಲಿಗೆ ಅಡ್ಡ ನಿಂತ.

“ಠಾಣೆಕ್ಕ ಬ್ಯಾಡ್ರಿ ಕಾಕಾ.”

“ಯಾಕ?”

“ಬ್ಯಾಡ್ರಿ.”

“ನಿನ್ನ ಜಲ್ಮ ಹಾಳ ಮಾಡಾಕ ನಿಂತಾನಲೇ ಅವ! ಎರಡು ವರ್ಷ ಓದಿ ಗಳಿಸಿದ ಸೀಟು ಕಸಗೊಳ್ಳಾಕ ಬಂದಾನ!”

ಶ್ರೀಪಾಲ ತನ್ನ ಸರ್ ಕಡೆ ನೋಡಿದ, ನೆಲ ನೋಡಿದ. “ಡಿಸೆಂಬರದಾಗ ಪುಣೇಕ ಪರೀಕ್ಷಾ ಬರ್ಯಾಕ ಹೋಗಿದ್ನಲ್ರಿ... ಸೆಂಟರಿನ ಗೇಟಿನ ತನಕಾ ಹೋದ್ನಿ. ಒಳಗ ಹೋಗೂದ ಆಗಲಿಲ್ಲ. ಎಲ್ಲಾರೂ ಇಂಗ್ಲೀಷಿನ್ಯಾಗ ಮಾತಾಡಾಕತ್ತಿದ್ರು. ಗ್ವಾಡಿ ಕಡೆ ಮಾರಿ ಮಾಡಿ ವಾಂತಿ ಮಾಡ್ಕೊಂತ ನಿಂತಿದ್ನಿ. ಒಬ್ಬಾವ ಬಂದು ನೀರು ಕೊಟ್ಟ. ನಮ್ಮ ಕಡೆ ಮಾತಿನಾವ. ನೀನೂ ಬರೀತೀಯೇನು ಅಂದ್ನಿ. ಇಲ್ಲ, ಡಿಗ್ರಿ ಅರ್ಧಕ್ಕ ನಿಂತೈತಿ, ಅರ್ಜಿ ತಗೊಳ್ಳಲಿಲ್ಲ, ಸುಮ್ಮ ಗೇಟು ನೋಡಾಕ ಬಂದೀನಿ ಅಂದ.”

“ಗೇಟು ನೋಡಾಕ?”

“ಹೌದ್ರಿ. ಎರಡು ವರ್ಷ ಓದೇನಿ, ಗೇಟರೆ ನೋಡಿ ಹೊಕ್ಕೀನಿ ಅಂದ.”

ಭಾವುಸಾಹೇಬ ಎದ್ದು ನಿಂತಿದ್ದ. “ಶ್ರೀಪಾಲ! ಏನ್ ಹೇಳಾಕತ್ತಿ ನೀ?”

“ಗಂಟಿ ಹೊಡದಿದ್ರು ಸರ್. ನನ್ನ ಕೈಯಾಗ ಹಾಲ್ ಟಿಕೀಟಿತ್ತು. ಅವನ ಕೈಯಾಗ ಕೊಟ್ನಿ. ನನ್ನ ಚಾಳೀಸೂ ಕೊಟ್ನಿ. ಅವ ಒಳಗ ಹೋದ.” ಹುಡುಗನ ದನಿ ಸಣ್ಣದಾಯಿತು. “ಆ ಪರೀಕ್ಷಾ ನಾ ಬರದಿಲ್ಲರಿ ಕಾಕಾ. ಅವ ಬರದಾನ. ಇಂಟರ್‌ವ್ಯೂ ನಾ ಕೊಟ್ಟೇನಿ. ನಮ್ಮಿಬ್ಬರಾಗ ಯಾರು ಪಾಸಾಗೇವಿ ಅಂತ ನನಗ ಗೊತ್ತಾಗವಲ್ದು.”

ಕೋಣೆಯಲ್ಲಿ ಬೆಳಕು ಕಡಿಮೆಯಾಗುತ್ತಿತ್ತು. ಶ್ರೀಪಾಲನ ಬುತ್ತಿ ಬಿಚ್ಚದೆ ಹಾಗೇ ಇತ್ತು.

“ಅವನ ಹೆಸರೇನು?” ಎಂದು ಕೇಳಿದರು ವಿರುಪಾಕ್ಷಪ್ಪನವರು.

“ಕೇಳಲಿಲ್ಲರಿ.”

“ಕೇಳಲಿಲ್ಲ?”

“ಹೊರಗ ಬಂದು ಚಾಳೀಸು ಕೊಟ್ಟ, ಪೇಪರ್ ಚಲೋ ಇತ್ತು ಅಂದ, ಹೋದ. ಯಾ ಊರು, ಯಾರ ಮಗಾ, ಒಂದೂ ಕೇಳಲಿಲ್ಲ ನಾ.”

ಕೆಳಗೆ ಮೆಟ್ಟಿಲಿಗೆ ಏನೋ ತಾಗಿದ ಸದ್ದಾಯಿತು. ಚೀಲ ಇಳಿಸಿದ ಸದ್ದು. ಯಾರೋ ಸೀನಿದರು.

“ಕಾಕಾ! ಮ್ಯಾಲ ಅದೀರ್ಯಾ? ಬಸ್ಸಿಗೆ ಹೊತ್ತಾತ್ರಿ!”

ಶ್ರೀಪಾಲ ಹಿಂದೆ ಸರಿದ. ಭಾವುಸಾಹೇಬ ಉಸಿರು ಹಿಡಿದ. ಮೆಟ್ಟಿಲುಗಳ ಮೇಲೆ ಹೆಜ್ಜೆ ಏರತೊಡಗಿತು.

ವಿರುಪಾಕ್ಷಪ್ಪನವರು ಓಗೊಡಲೆಂದು ಬಾಯಿ ತೆರೆದರು. ಯಾವ ಹೆಸರಿನಿಂದ ಕರೆಯಬೇಕೋ ತಿಳಿಯಲಿಲ್ಲ.